ಕಂಪ್ಯೂಟರ್ ನನ್ನದು, ಸಲಹೆ ಯಜಮಾನರಿಗೆ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಲೆ ಮೊದಲು ಮಾಡುವ ಕೆಲಸ ನೀರು ಕುಡಿಯುವುದಲ್ಲ, ನನ್ನ ಕಂಪ್ಯೂಟರಿನ ಮೈ ಮುಟ್ಟಿ ನೋಡುವುದು. ಕೂಸಿನ ಹಣೆ ಮುಟ್ಟಿದ ಹಾಗೆ ಅದರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಹುಬ್ಬು ಗಂಟಿಕ್ಕಿ, "ಭಾಳ ಬಿಸಿ ಆಗೇತಲ್ಲರೀ!" ಎನ್ನುತ್ತಾರೆ. ಹೇಳುವುದು ನನಗಲ್ಲ. ಅದರ ಮುಂದೆ ಕೂತು, ಕೈಯಲ್ಲಿ ಮೌಸ್ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡುತ್ತಿರುವವಳು ನಾನು. ಆದರೆ ಮಾತು ನನ್ನ ತಲೆಯ ಮೇಲಿಂದ ಹಾದು, ಜೋಕಾಲಿಯ ಮೇಲೆ ಪೇಪರ್ ಓದುತ್ತಿರುವ ನಮ್ಮ ಯಜಮಾನರಿಗೆ ಹೋಗಿ ಮುಟ್ಟುತ್ತದೆ. ಅದನ್ನು ಚಾಲೂ ಮಾಡುವ ಗುಂಡಿ ಯಾವ ಕಡೆ ಇದೆ ಎಂಬುದೂ ಅವರಿಗೆ ಗೊತ್ತಿಲ್ಲ. ಆದರೂ ಪೇಪರ್ ಮಡಚಿ, "ಹೌದ್ರಿ, ಏನರ ಮಾಡಬೇಕು" ಎನ್ನುತ್ತಾರೆ. ಅವರಿಬ್ಬರೂ ಸೇರಿ ಅದಕ್ಕೆ ಏನು ಮಾಡಬೇಕೆಂದು ಮಾತಾಡತೊಡಗುತ್ತಾರೆ. ನಾನು ಚಹಾ ಇಡಲು ಏಳಬೇಕು. ನೀವೇ ಹೇಳಿ, ಸಿಟ್ಟು ಬರುವುದಿಲ್ಲವೇ?

ಬಿಸಿಯಾಗುತ್ತದೆ, ಸುಳ್ಳಲ್ಲ. ಇಳಕಲ್ಲಿನ ಬೇಸಿಗೆಯಲ್ಲಿ ಮನುಷ್ಯರೇ ಮಧ್ಯಾಹ್ನ ಸುಮ್ಮನೆ ಬಿದ್ದುಕೊಂಡಿರುತ್ತಾರೆ, ಇನ್ನು ಹತ್ತು ವರ್ಷದ ಹಳೇ ಕಂಪ್ಯೂಟರ್ ಏನು ಮಾಡೀತು? ಹೋದ ಬೇಸಿಗೆಯಲ್ಲಂತೂ ಒಂದು ಗಂಟೆಗೆ ಗುಂಯ್ ಎಂದು ಕೂಗಲು ಶುರು ಮಾಡಿ, ಎರಡರ ಹೊತ್ತಿಗೆ ತಾನಾಗಿಯೇ ಆರಿಹೋಗುತ್ತಿತ್ತು. ಹಾಗೆ ಆರುವುದು ಅದರ ಜಾಣತನವೇ. ಒಳಗಿನ ಪ್ರೊಸೆಸರ್ ಸುಟ್ಟುಹೋಗಬಾರದೆಂದು ತಾನೇ ನಿಂತುಬಿಡುತ್ತದೆ. ಆದರೆ ನನ್ನ ಕೆಲಸವೂ ಅದರ ಜೊತೆಗೇ ನಿಲ್ಲುತ್ತಿತ್ತಲ್ಲ.

ನನ್ನ ಕೆಲಸ ಸೀರೆಯ ದಡಿ ಬಿಡಿಸುವುದು. ದಡಿ ಎಂದರೆ ಅಂಚು. ಪರದೆಯ ಮೇಲೆ ಚೌಕುಳಿ ಚೌಕುಳಿ ಮನೆಗಳಿರುತ್ತವೆ, ಒಂದು ಮನೆಗೆ ಒಂದು ಎಳೆ. ಹೂ ಬೇಕಾದಲ್ಲಿ ಮನೆ ತುಂಬಬೇಕು, ಬೇಡವಾದಲ್ಲಿ ಬಿಡಬೇಕು. ಹಾಗೆ ಬಿಡಿಸಿದ್ದನ್ನು ರಟ್ಟಿನ ಪಟ್ಟಿಗಳ ಮೇಲೆ ತೂತು ಹೊಡೆದು ಮಗ್ಗದ ಮೇಲೆ ಕಟ್ಟುತ್ತಾರೆ. ಒಂದು ಮನೆ ತಪ್ಪಿದರೆ ಸೀರೆಯ ಉದ್ದಕ್ಕೂ ಅದೇ ತಪ್ಪು ಸಾಲುಗಟ್ಟಿ ನಿಲ್ಲುತ್ತದೆ. ಆರು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ನಾನು ಬಿಡಿಸಿದ್ದನ್ನು ಹುನಗುಂದದ ಒಬ್ಬ ಸಾವುಕಾರರು ಕೊಂಡು ಮಗ್ಗದವರಿಗೆ ಹಂಚುತ್ತಾರೆ. ನಮ್ಮ ಯಜಮಾನರಿಗೆ ನೂಲಿನ ಅಂಗಡಿ ಇರುವುದರಿಂದ ಪೆನ್‌ಡ್ರೈವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ಕೊಡುವವರು ಅವರು. ಅಷ್ಟಕ್ಕೇ ಪೇಟೆಯಲ್ಲಿ ಅವುಗಳ ಹೆಸರು "ಶೇಖರಪ್ಪಾರ ದಡಿ" ಎಂದಾಗಿದೆ. ಶೇಖರಪ್ಪನವರು ಆ ದಡಿಗಾಗಿ ಪಟ್ಟ ಕಷ್ಟವೆಂದರೆ ಇಳಕಲ್ಲಿನಿಂದ ಹುನಗುಂದದ ಬಸ್ಸಿನಲ್ಲಿ ಕೂತದ್ದು.

ಹೋದ ಬೇಸಿಗೆಯಲ್ಲಿ ಸಾವುಕಾರರು ಒಂದು ಹೊಸ ಅಗಲ ದಡಿ ಕೇಳಿದ್ದರು. ಲಗ್ನದ ಸೀರೆಗೆ. ಮೂರು ವಾರ ಗಡುವು. "ಈ ಸಲ ತಡಾ ಆತಂದ್ರ ನಾ ಬ್ಯಾರೆ ಕಡೆ ನೋಡ್ತೇನ್ರಿ ಶೇಖರಪ್ಪಾರ" ಎಂದು ಹೇಳಿ ಕಳಿಸಿದ್ದರು. ಅವರು ಬೇರೆ ಕಡೆ ನೋಡಿದರೆ ಶೇಖರಪ್ಪಾರಿಗೆ ಏನೂ ಆಗುವುದಿಲ್ಲ, ನೂಲು ಮಾರಿಕೊಂಡಿರುತ್ತಾರೆ. ಬಂದ್ ಆಗುವುದು ನನ್ನ ಕೆಲಸ. ನಲವತ್ನಾಲ್ಕನೆಯ ವಯಸ್ಸಿಗೆ ಕಂಪ್ಯೂಟರ್ ತರಬೇತಿಗೆ ಹೋಗಿ, ಕಾಲೇಜಿನ ಹುಡುಗಿಯರ ನಡುವೆ ಸೆರಗು ಹೊದ್ದು ಕೂತು, ಅವರ ನಗು ಸಹಿಸಿಕೊಂಡು ಕಲಿತ ಕೆಲಸ ಅದು. ಮಧ್ಯಾಹ್ನ ಎರಡಕ್ಕೆ ಆರಿಹೋಗುವ ಕಂಪ್ಯೂಟರಿನಿಂದ ಅದು ಹೋಗುವುದಾದರೆ ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ?

ಮೊದಲ ಸಲಹೆ ಬಂದದ್ದು ನಮ್ಮ ಭಾವನವರಿಂದ, ಅಂದರೆ ಯಜಮಾನರ ಅಣ್ಣನಿಂದ. ಅವರು ಬಾದಾಮಿಗೆ ಹೋಗಿ ಬಂದಿದ್ದರು. ಅಂಗೈ ಇಟ್ಟು ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಶೇಖರಾ, ಬಾದಾಮಿ ಗವಿಯೊಳಗ ಹೋಗು, ಎಂಥಾ ಬಿಸಲಿದ್ರೂ ತಂಪ ಇರ್ತೈತಿ. ಯಾಕ? ಕಲ್ಲು! ಇದರ ಬುಡಕ ಒಂದು ಕಲ್ಲು ಹಾಕು," ಎಂದರು.

"ಬಾದಾಮಿ ಕಲ್ಲು ತರೂದು ಹೆಂಗ?" ಎಂದರು ಯಜಮಾನರು.

"ಬಾದಾಮಿ ಕಲ್ಲ್ಯಾಕೋ? ನಮ್ಮೂರ ಗ್ರಾನೈಟ್‌ಗೆ ಏನ್ ಆಗೇತಿ? ದೇಶದ ತುಂಬ ಹೋಗ್ತೈತಿ."

ಊರಿನ ಅಭಿಮಾನದ ಪ್ರಶ್ನೆ ಬಂದ ಮೇಲೆ ಮಾತು ಮುಗಿಯಿತು. ಮರುದಿನ ಇಬ್ಬರು ಆಳುಗಳು ಕನ್ನಡಿಯಂತೆ ಪಾಲಿಶ್ ಮಾಡಿದ ಕೆಂಪು ಗ್ರಾನೈಟ್ ಹಾಸು ಹೊತ್ತು ತಂದರು. ಪೆಟ್ಟಿಗೆಗೆ ಮೊದಲಿದ್ದ ಕಾಲುಗಳನ್ನು "ಕಲ್ಲಿಗೆ ಮೈ ಹತ್ತಬೇಕು" ಎಂದು ಬಿಚ್ಚಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಅದರ ಮೇಲೆ ಒತ್ತಿ ಕೂರಿಸಿದರು. ಆ ಪೆಟ್ಟಿಗೆ ಹೆಚ್ಚು ಗಾಳಿ ಎಳೆದುಕೊಳ್ಳುವುದು ತಳದ ತೂತುಗಳಿಂದ. ಗ್ರಾನೈಟ್ ಅವನ್ನೆಲ್ಲ ಒಂದೂ ಬಿಡದೆ ಮುಚ್ಚಿತು. "ಬುಡದಾಗ ಗಾಳಿ ಹೋಗಬೇಕ್ರಿ" ಎಂದು ನಾನು ಹೇಳಿದೆ. ಭಾವನವರು ನನ್ನನ್ನು ನೋಡಿ ನಕ್ಕು, "ಚಹಾದಾಗ ಸಕ್ರಿ ಸ್ವಲ್ಪ ಕಡಿಮಿ ಹಾಕವಾ" ಎಂದರು. ಅಂದು ಕಂಪ್ಯೂಟರ್ ಹನ್ನೆರಡೂವರೆಗೇ ಆರಿತು.

ಎರಡನೆಯವರು ಪಕ್ಕದ ಮನೆಯ ನಿವೃತ್ತ ಮಾಸ್ತರರು. ಅವರು ವಿಜ್ಞಾನ ಕಲಿಸಿದವರು, ಕಲ್ಲು ನಂಬುವವರಲ್ಲ. "ಆವೀಕರಣ, ಶೇಖರಪ್ಪ, ಆವೀಕರಣ!" ಎಂದು ಶುರು ಮಾಡಿದರು. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆಸಿ, ನೀರು ತುಂಬಿದ ಏರ್ ಕೂಲರನ್ನು ಅದರ ಕರುಳಿಗೇ ಮುಖ ಮಾಡಿ ಇಡಿಸಿದರು. ನಮ್ಮೂರಿನ ಬೋರ್ ನೀರು ಎಂಥದೆಂದರೆ ಕೊಡದ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ಮೂರು ದಿನದಲ್ಲಿ ಕಂಪ್ಯೂಟರಿನ ಒಳಗಿನ ಹಸಿರು ಹಲಗೆಯ ಮೇಲೂ ಬಿಳಿ ಚುಕ್ಕೆ ಕಾಣಿಸಿಕೊಂಡವು. ಬಾಗಿಲು ಮುಚ್ಚಿದ್ದರೆ ಗಾಳಿ ತಳದಿಂದ, ಮುಂದಿನಿಂದ ಬಂದು ಹಿಂದಿನಿಂದ ಹೋಗುವ ದಾರಿ ಇರುತ್ತದೆ, ತೆರೆದಿಟ್ಟರೆ ಆ ದಾರಿಯೇ ಕೆಡುತ್ತದೆ, ಅದರ ಮೇಲೆ ತೇವ ಬೇರೆ. ಇದನ್ನು ನಾನು ಹೇಳಿದಾಗ ಮಾಸ್ತರರು ನನಗೆ ಉತ್ತರ ಕೊಡಲಿಲ್ಲ. ಯಜಮಾನರಿಗೆ ಆವೀಕರಣದ ವ್ಯಾಖ್ಯೆ ಹೇಳಿದರು.

ಈ ತಲೆಯ ಮೇಲಿಂದ ಹಾದುಹೋಗುವ ಮಾತು ನನಗೆ ಹೊಸದಲ್ಲ ಎನ್ನುವುದೇ ನನ್ನ ಸಿಟ್ಟಿನ ಬೇರು. ನಮ್ಮ ತವರಿನಲ್ಲಿ ಕುಣಿ ಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ. ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ತಂಪಾದ ಜಾಗ ಆ ಕುಣಿ ಒಂದೇ. ಅಪ್ಪ ಊಟಕ್ಕೆ ಎದ್ದರೆ ಸಾಕು, ನಾನು ಅದರೊಳಗೆ ಇಳಿದು ಕೂರುತ್ತಿದ್ದೆ. "ಹೆಣಮಗಳು ಕುಣ್ಯಾಗ ಕುಂದ್ರಬಾರದು, ಏಳು" ಎಂದು ಅಜ್ಜಿ ಗದರಿಸುತ್ತಿದ್ದಳು. ಅವ್ವ ನೂಲು ತೋಯಿಸುತ್ತಿದ್ದಳು, ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಜೋಳದ ಗಂಜಿ ಕುದಿಸಿ ಬೆಳಿಗ್ಗೆ ಓಣಿಯ ಉದ್ದಕ್ಕೂ ಹಾಸಿನ ಎಳೆ ಚಾಚಿ ಬಳಿಯುತ್ತಿದ್ದಳು. ಗಂಜಿ ಸರಿಯಾಗಿದೆಯೇ ಎಂದು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದಳು. ಹೆಚ್ಚಾದರೆ ಎಳೆ ಬಿರುಸಾಗಿ ಹರಿಯುತ್ತದೆ, ಕಡಿಮೆಯಾದರೆ ಜುಂಗು, ಅಂದರೆ ನೂಲಿನ ಸಣ್ಣ ನಾರು, ಏಳುತ್ತದೆ. ಸೆರಗಿಗೆ ಯಾವ ಕೆಂಪು, ದಡಿಗೆ ಯಾವ ಹಳದಿ ಎಂದು ಹೇಳುತ್ತಿದ್ದವಳೂ ಅವಳೇ. ಸಾವುಕಾರ ಬಂದರೆ ಮಾತ್ರ, "ಯಾವ ಬಣ್ಣಾ ಹಾಕಬೇಕಂತೀ?" ಎಂದು ಕೇಳುತ್ತಿದ್ದದ್ದು ಅಪ್ಪನನ್ನು. ಅಪ್ಪ ಒಂದು ಸಲ ಅಡಿಗೆ ಮನೆಯ ಕಡೆ ನೋಡಿ, ಒಳಗಿಂದ ಬಳೆಯ ಸದ್ದು ಬಂದ ಮೇಲೆ, ಉತ್ತರ ಹೇಳುತ್ತಿದ್ದ. ಊರಿಗೆ ಅಪ್ಪ ದೊಡ್ಡ ನೇಕಾರ. ಅವ್ವ "ಕೈಗೂಡಿಸುವವಳು." ಆಗ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಈಗ ಕಾಣುವುದಿಲ್ಲ.

ಇರಲಿ, ಮೂರನೆಯ ಸಲಹೆಗೆ ಬರುತ್ತೇನೆ. ಮೊದಲಿನವರು ನನ್ನ ತಾಳ್ಮೆ ಕೆಡಿಸಿದರು, ಇವನು ಕೆಲಸವನ್ನೇ ಕೆಡಿಸಿದ. ಹೆಸರು ಪ್ರವೀಣ, ಯಜಮಾನರ ಚಿಕ್ಕಪ್ಪನ ಮಗ, ಬಾಗಲಕೋಟೆಯಲ್ಲಿ ಕಂಪ್ಯೂಟರ್ ಅಂಗಡಿ. ನಾನು ಒಂದು ಶನಿವಾರ ತುಳಸಿಗೇರಿಯ ಹಣಮಪ್ಪನ ಗುಡಿಗೆ ಹೋಗಿದ್ದಾಗ ಯಜಮಾನರು ಅವನನ್ನು ಕರೆಸಿದರು. ಸಂಜೆ ಬರುವಷ್ಟರಲ್ಲಿ ಇಬ್ಬರೂ ನಗುನಗುತ್ತ ಕೂತಿದ್ದರು.

"ವೈನಿ, ನಿಮ್ಮ ಮಷೀನ್ ಓವರ್‌ಕ್ಲಾಕ್ ಮಾಡೇನಿ. ಇನ್ನ ಕುದರಿ ಓಡಿದ್ಹಂಗ ಓಡ್ತೈತಿ ನೋಡ್ರಿ," ಎಂದ.

"ಅದು ಮೊದಲ ಬಿಸಿ ಆಗಿ ಬಂದ್ ಬೀಳ್ತೈತಿ. ಇನ್ನೂ ಓಡಿಸಿದ್ರ ಹೆಂಗಪಾ?"

"ಅಲ್ರೀ, ಲಗೂ ಓಡಿದ್ರ ಕೆಲಸಾ ಲಗೂ ಮುಗೀತೈತಿ. ಲಗೂ ಮುಗದ್ರ ಬಿಸಿ ಆಗಾಕ ಟೈಮ್ ಎಲ್ಲಿ ಇರ್ತೈತಿ?"

ಯಜಮಾನರು ಈ ಮಾತಿಗೆ ತಲೆದೂಗಿದರು. ನನಗೆ ಓವರ್‌ಕ್ಲಾಕ್ ಎಂಬ ಶಬ್ದ ಅಂದೇ ಮೊದಲು ಕಿವಿಗೆ ಬಿದ್ದದ್ದು. ಆದರೆ ಅವನು ಮಾಡಿದ್ದೇನೆಂದು ತಿಳಿಯಲು ಎರಡು ನಿಮಿಷ ಬೇಕಾಗಲಿಲ್ಲ. ಪವರ್‌ಲೂಮಿನ ಮೋಟರಿಗೆ ದೊಡ್ಡ ಪುಲ್ಲಿ ಹಾಕಿದರೆ ಮಗ್ಗ ಜೋರಾಗಿ ಓಡುತ್ತದೆ. ಎರಡು ದಿನ ಮಾಲಕ ಮೀಸೆ ತಿರುವುತ್ತಾನೆ. ಮೂರನೆಯ ದಿನ ಎಳೆ ಹರಿಯಲು ಶುರುವಾಗುತ್ತದೆ, ಮೋಟರ್ ಸುಟ್ಟ ವಾಸನೆ ಬರುತ್ತದೆ. ಪ್ರವೀಣ ನನ್ನ ಪ್ರೊಸೆಸರಿಗೆ ದೊಡ್ಡ ಪುಲ್ಲಿ ಹಾಕಿದ್ದ, ಅದು ಎಳೆಯಲೆಂದು ಕರೆಂಟನ್ನೂ ಹೆಚ್ಚು ಕುಡಿಸಿದ್ದ. ಹೊಸ ಮಷೀನು, ದೊಡ್ಡ ಫ್ಯಾನು, ತಂಪು ಕೋಣೆ ಇದ್ದವರು ಆ ಆಟ ಆಡಲಿ, ಬೇಡ ಎನ್ನುವುದಿಲ್ಲ. ಗ್ರಾನೈಟಿನ ಮೇಲೆ ಉಸಿರು ಕಟ್ಟಿ ಕೂತ ಹಳೆಯದಕ್ಕೆ ಮಾಡುವ ಕೆಲಸವೇ ಅದು?

ಬುಧವಾರ ಮಧ್ಯಾಹ್ನ ದಡಿಯ ಹೂವಿನ ಸಾಲು ಮುಗಿಸಿ ಸೇವ್ ಒತ್ತಿದೆ. ಅದೇ ಗಳಿಗೆಗೆ ಪರದೆ ನೀಲಿಯಾಗಿ, ಆಮೇಲೆ ಕಪ್ಪಾಯಿತು. ತಿರುಗಿ ಚಾಲೂ ಮಾಡಿದರೆ ಆ ಫೈಲ್ ತೆರೆಯಲೇ ಇಲ್ಲ. ಪೆನ್‌ಡ್ರೈವಿನಲ್ಲಿ ಐದು ದಿನದ ಹಿಂದಿನ ನಕಲು ಮಾತ್ರ ಇತ್ತು. ಐದು ದಿನದ ಕೆಲಸ, ಒಂದೊಂದು ಮನೆ ಎಣಿಸಿ ತುಂಬಿದ್ದು, ಹೋಯಿತು. ಗಡುವಿಗೆ ಉಳಿದದ್ದು ಎಂಟೇ ದಿನ. ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಕೀಬೋರ್ಡಿನ ಮೇಲೆ ತಲೆ ಇಟ್ಟು ಅತ್ತೆ. ಆಮೇಲೆ ಪ್ರವೀಣನಿಗೆ ಫೋನ್ ಮಾಡಿದೆ.

"ಏನ್ ಮಾಡೀಯೋ ಇದಕ? ಹೆಂಗಿತ್ತೋ ಹಂಗ ಮಾಡೂದು ಹೇಳು."

"ವೈನಿ, ನಿಮಗ ತಿಳಿಯಂಗಿಲ್ಲ ಅದು. ಅಣ್ಣಗ ಫೋನ್ ಕೊಡ್ರಿ."

ಅಣ್ಣನಿಗೆ! ಆ ಗುಂಡಿ ಎಲ್ಲಿದೆಯೆಂದು ಗೊತ್ತಿಲ್ಲದ ಅಣ್ಣನಿಗೆ! ನಾನು ಫೋನ್ ಇಟ್ಟೆ. ಮೈಯೆಲ್ಲ ಉರಿಯುತ್ತಿತ್ತು. ಆಗ ಯಾರಾದರೂ ಬಂದು ನನ್ನ ಹಣೆ ಮುಟ್ಟಿದ್ದರೆ ಅಂಗೈ ಸುಟ್ಟುಕೊಳ್ಳುತ್ತಿದ್ದರು.

ಮರುದಿನ ಯಜಮಾನರು ಅಂಗಡಿಗೆ ಹೋದ ಮೇಲೆ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ನೆಲದ ಮೇಲೆ ಹಳೇ ದುಪ್ಪಟ್ಟಿ ಹಾಸಿ ಮಲಗಿಸಿದೆ. ತರಬೇತಿಯಲ್ಲಿ ಕೊಟ್ಟ ಪುಸ್ತಕ ತೆರೆದಿಟ್ಟುಕೊಂಡು ಫ್ಯಾನ್ ಬಿಚ್ಚಿದೆ. ಒಳಗೆ ಕಂಡದ್ದೇನು ಗೊತ್ತೇ? ಧೂಳು. ಬರೀ ಧೂಳಲ್ಲ, ನೂಲಿನ ಜುಂಗು. ನಮ್ಮ ಓಣಿಯ ತುಂಬ ಮಗ್ಗ, ಗಾಳಿಯಲ್ಲೇ ಜುಂಗು ಹಾರಾಡುತ್ತದೆ. ಅದು ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ದಪ್ಪಗೆ ಹೆಣೆದುಕೊಂಡಿತ್ತು. ಕಲ್ಲು ಹೇಳಿದವರಿದ್ದರು, ನೀರು ಹೇಳಿದವರಿದ್ದರು, ವೇಗ ಹೇಳಿದವನಿದ್ದ. ಕಸ ತೆಗೆಯಬೇಕು ಎಂಬುದು ಮಾತ್ರ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಹುಟ್ಟಿದಾಗಿನಿಂದ ಅವರು ಕಸ ತೆಗೆದಿದ್ದರೆ ತಾನೇ?

ಇಷ್ಟು ಜೋರಾಗಿ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಮುಂದಿನ ಜಾಲರಿ, ಅಂದರೆ ಗಾಳಿ ಒಳಗೆ ಹೋಗುವ ಇನ್ನೊಂದು ಬಾಗಿಲು, ಬೆಳ್ಳಗೆ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಅದು ಜುಂಗಲ್ಲ. ವಿಭೂತಿ. ನಮ್ಮ ತವರಿನಲ್ಲಿ ಸೋಮವಾರ ಮಗ್ಗಕ್ಕೆ ವಿಭೂತಿ ಹಚ್ಚುತ್ತಿದ್ದರು. ನಾನೂ ಪ್ರತಿ ಸೋಮವಾರ ನೀರಿನಲ್ಲಿ ಅದ್ದಿದ ಮೂರು ಬೆರಳಿನಿಂದ ಕಂಪ್ಯೂಟರಿನ ಹಣೆಗೆ ವಿಭೂತಿ ಎಳೆಯುತ್ತಿದ್ದೆ. ಮಹಾನವಮಿಗೆ ಕುಂಕುಮ ಬೇರೆ. ಆರು ವರ್ಷದ ಭಕ್ತಿ ಆ ತೂತುಗಳಲ್ಲಿ ಸಿಮೆಂಟಾಗಿ ಕೂತಿತ್ತು. ಹಾಕಿದ ಪೂಜೆ ಒರೆಸಬಾರದು ಎಂದು ಅಲ್ಲಿ ಬಟ್ಟೆಯನ್ನೂ ಆಡಿಸಿರಲಿಲ್ಲ. ಭಾವನವರು ತಳ ಮುಚ್ಚುವ ಮೊದಲೇ ನಾನು ಮೂಗು ಮುಚ್ಚಿದ್ದೆ. ಸೂಜಿ ಹಿಡಿದು ಒಂದೊಂದೇ ತೂತು ಬಿಡಿಸುವಾಗ ಒಬ್ಬಳೇ ನಕ್ಕೆ. ಈ ಸಂಗತಿಯನ್ನು ಭಾವನವರಿಗೆ ಇವತ್ತಿನವರೆಗೂ ಹೇಳಿಲ್ಲ, ನೀವೂ ಹೇಳಬೇಡಿ.

ಹಳೇ ಹಲ್ಲಿನ ಬ್ರಷ್ಷಿನಿಂದ ಜುಂಗು ಕೆರೆದು ತೆಗೆದೆ. ಪ್ರೊಸೆಸರಿನ ಮೇಲೆ, ಫ್ಯಾನಿನ ಲೋಹಕ್ಕೂ ಅದಕ್ಕೂ ನಡುವೆ, ಬಿಸಿ ಸಾಗಿಸುವ ಒಂದು ಪೇಸ್ಟ್ ಇರುತ್ತದೆ. ನಮ್ಮದರಲ್ಲಿ ಅದು ಒಣಗಿ ಹೆಂಟೆಯಾಗಿತ್ತು. ಹೊಸದನ್ನು ತರಲು ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆ.

"ಯಾರು ಕಳಸ್ಯಾರ್ರಿ?" ಎಂದ ಅಂಗಡಿಯವ.

"ನನ್ನ ಕಾಲು ಕಳಸ್ಯಾವು. ಕೊಡಪಾ," ಎಂದೆ.

ಅವನು ಟ್ಯೂಬ್ ಕೊಟ್ಟ. ಧಾರಾಳವಾಗಿ ಬಳಿಯಿರಿ ಎಂದು ಸಲಹೆಯನ್ನೂ ಕೊಟ್ಟ. ಮನೆಗೆ ಬಂದು ಹಳೆಯದನ್ನು ಒರೆಸಿ ತೆಗೆದೆ. ಹೊಸದನ್ನು ಚೂರು ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡಿದೆ. ಎಷ್ಟು ಹಾಕಬೇಕೆಂದು ನನ್ನ ಬೆರಳಿಗೇ ತಿಳಿಯಿತು. ತೊಗರಿ ಕಾಳಿನಷ್ಟು, ಅಷ್ಟೇ. ಹೆಚ್ಚಾದರೆ ಅದೇ ಅಡ್ಡ ನಿಲ್ಲುತ್ತದೆ. ಆಮೇಲೆ ಮಷೀನ್ ಚಾಲೂ ಆಗುವಾಗ ಪುಸ್ತಕದಲ್ಲಿ ಹೇಳಿದ ಕೀಬೋರ್ಡಿನ ಗುಂಡಿ ಒತ್ತಿ ಹಿಡಿದು, ಪರದೆಗೆ ಬಂದ ಸೆಟ್ಟಿಂಗಿನ ಪಟ್ಟಿಯನ್ನು ಬೆರಳಿಟ್ಟು ಓದಿ, ಪ್ರವೀಣ ಬದಲಿಸಿದ್ದನ್ನೆಲ್ಲ ಕಾರ್ಖಾನೆಯಿಂದ ಬಂದಾಗ ಇದ್ದಂತೆ ಮಾಡಿದೆ. ಪೆಟ್ಟಿಗೆಯ ಕಾಲು ತಿರುಗಿ ಹಾಕಿ, ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಪಕ್ಕದ ಬಾಗಿಲು ಮುಚ್ಚಿದೆ. ಗ್ರಾನೈಟನ್ನು ಹಿತ್ತಲಿಗೆ ಸಾಗಿಸಿದೆ. ಬಟ್ಟೆ ಒಗೆಯಲು ಅದು ಬಹಳ ಚೆನ್ನಾಗಿದೆ.

ಅವತ್ತು ಮಧ್ಯಾಹ್ನ ಎರಡಾಯಿತು, ಮೂರಾಯಿತು. ಕಂಪ್ಯೂಟರ್ ಆರಲಿಲ್ಲ. ನಾಲ್ಕಕ್ಕೆ ನಾನೇ ಚಹಾಕ್ಕೆಂದು ಎದ್ದೆ. ಚಹಾ ಒಂದೇ ಕಪ್ ಮಾಡಿದೆ.

ಏಳು ದಿನ ಬೆನ್ನು ಮುರಿಯುವ ಹಾಗೆ ಕೂತು ದಡಿ ಮುಗಿಸಿದೆ. ಅಷ್ಟರಲ್ಲಿ ಸಲಹೆಗಾರರು ಒಬ್ಬೊಬ್ಬರಾಗಿ ಬಂದು ಅಂಗೈ ಇಟ್ಟು ನೋಡಿದರು. "ನೋಡೋ ಶೇಖರಾ, ಕಲ್ಲಿನ ತಂಪು ಇನ್ನೂ ಹಿಡದೈತಿ," ಎಂದರು ಭಾವನವರು. ಪೆಟ್ಟಿಗೆಯ ಕೆಳಗೆ ಆಗ ಕಲ್ಲು ಇರಲೇ ಇಲ್ಲ. "ಆವೀಕರಣ!" ಎಂದರು ಮಾಸ್ತರರು. ಕೂಲರ್ ಆಗ ಯಜಮಾನರ ಜೋಕಾಲಿಗೆ ಗಾಳಿ ಬೀಸುತ್ತಿತ್ತು. ಪ್ರವೀಣ ಬಾಗಲಕೋಟೆಯಿಂದಲೇ, "ನಾ ಹೇಳಿದ್ನಲ್ಲ ಅಣ್ಣಾ, ಸ್ಪೀಡ್ ಕೆಲಸಾ ಮಾಡ್ತು," ಎಂದು ಫೋನಿನಲ್ಲಿ ಹೇಳಿದ. ಯಜಮಾನರು ಮೂವರಿಗೂ "ಹೌದ್ ನೋಡ್ರಿ" ಎಂದರು. ನಾನು ದಡಿಯ ಮನೆಗಳನ್ನು ತುಂಬುತ್ತ ಹೋದೆ. ನನಗೆ ಸಾವುಕಾರರು ಬರಬೇಕಿತ್ತು.

ಗಡುವಿನ ದಿನ ಅವರೇ ಹುನಗುಂದದಿಂದ ಬಂದರು. ಜೋಕಾಲಿಯ ಎದುರಿನ ಕುರ್ಚಿಯಲ್ಲಿ, ನನಗೆ ಬೆನ್ನು ಮಾಡಿ ಕೂತರು. ಕಾಗದದ ಮೇಲೆ ಮುದ್ರಿಸಿದ ದಡಿಯನ್ನು ಯಜಮಾನರು ಕೊಟ್ಟರು. ಸಾವುಕಾರರು ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಭಾರೀ ಆಗೇತ್ರಿ ಶೇಖರಪ್ಪಾರ. ಎಳಿ ಎಳಿ ಎದ್ದ ನಿಂತಾವು. ಇದರ ಜೋಡಿ ಸೆರಗಿಂದೂ ಬೇಕಲ್ಲ. ನಿಮ್ಮ ಮಷೀನ್ ಜೋರ್ ಓಡ್ತೈತಂತ ಕೇಳೇನಿ. ಸೋಮವಾರ ಬರ್ಲ್ಯಾ?"

ಅವತ್ತು ಗುರುವಾರ. ಸೆರಗು ಎಂದರೆ ಎರಡು ವಾರದ ಕೆಲಸ. ಯಜಮಾನರು, "ಅದೇನ್ ದೊಡ್ಡದ್ರಿ, ಆಕ್ಕೇತಿ…" ಎಂದು ಬಾಯಿ ತೆಗೆದರು.

"ಆಗಂಗಿಲ್ರಿ," ಎಂದೆ ನಾನು.

ಜೋಕಾಲಿ ನಿಂತಿತು. ಸಾವುಕಾರರು ನನ್ನ ಕಡೆ ತಿರುಗಲಿಲ್ಲ. ಯಜಮಾನರನ್ನೇ, "ಏನಂತಾರ್ರಿ ಅವರು?" ಎಂದು ಕೇಳಿದರು.

ಅವ್ವನಿಂದ ಹಿಡಿದು ಅವತ್ತಿನವರೆಗೆ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಅವರನ್ಯಾಕ ಕೇಳ್ತೀರಿ? ನಾ ಕನ್ನಡದಾಗ ಹೇಳೇನಿ," ಎಂದೆ. "ದಡಿ ಬಿಡಿಸಿದಾಕಿ ನಾ. ಮಷೀನ್ ನಂದು, ಅದನ್ನ ರಿಪೇರಿ ಮಾಡಿದಾಕೀನೂ ನಾನ. ಜೋರ್ ಓಡಂಗಿಲ್ಲ ಅದು, ಸರಿಯಾಗಿ ಓಡ್ತೈತಿ. ಸೆರಗಿಗೆ ಎರಡ ವಾರ ಬೇಕು. ಬ್ಯಾಡಂದ್ರ ಬ್ಯಾರೆ ಕಡೆ ನೋಡ್ರಿ."

ಬ್ಯಾರೆ ಕಡೆ ನೋಡ್ರಿ ಎಂದು ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ನೋಡಿದರೆ? ಎದ್ದು ಹೋದರೆ? ಸಾವುಕಾರರು ಕೈಯಲ್ಲಿದ್ದ ದಡಿಯನ್ನು ನೋಡಿದರು. ಯಜಮಾನರನ್ನು ನೋಡಿದರು. ಯಜಮಾನರು ತಲೆ ಕೆರೆದುಕೊಂಡು, "ಖರೇನ ಐತ್ರಿ. ನನಗ ಅದರಾಗ ಏನೂ ತಿಳಿಯಂಗಿಲ್ಲ," ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದು. ಸಾವುಕಾರರು ಎದ್ದರು. ಅವರು ಕುರ್ಚಿಯನ್ನು ಎತ್ತಿ, ನನ್ನ ಕಡೆ ತಿರುಗಿಸಿ ಇಟ್ಟು, ಮತ್ತೆ ಕೂತರು.

"ಹಂಗಾದ್ರ ಯಾವಾಗ ಬರ್ಲಿ, ಅಕ್ಕಾರ?"

"ಮುಗದ ಮ್ಯಾಲ ನಾನ ಫೋನ್ ಮಾಡ್ತೇನಿ. ನಿಮ್ಮ ನಂಬರ್ ಹೇಳ್ರಿ."

"ನನ್ನ ಫೋನ್‌ನ್ಯಾಗ ಐತಲ್ಲ," ಎಂದರು ಯಜಮಾನರು.

"ಇರ್ಲಿ ಬಿಡ್ರಿ. ಅವರ ಹೇಳ್ಲಿ."

ಸಾವುಕಾರರು ಒಂದೊಂದೇ ಅಂಕಿ ಹೇಳಿದರು. ನಾನು ಒಂದೊಂದೇ ಒತ್ತಿದೆ. ನಾನು ರಿಂಗ್ ಕೊಟ್ಟಾಗ ಅವರು ತಮ್ಮ ಫೋನ್ ತೆಗೆದು, ನಂಬರ್ ಉಳಿಸಿಕೊಳ್ಳಲು ಹೆಸರಿನ ಜಾಗಕ್ಕೆ ಬೆರಳಿಟ್ಟರು. ಆರು ವರ್ಷ ನನ್ನ ದಡಿಯನ್ನು ಊರೂರಿಗೆ ಮಾರಿದ ಮನುಷ್ಯ ಸಂಕೋಚದಿಂದ ಕೇಳಿದರು.

"ನಿಮ್ಮ ಹೆಸರೇನ್ರಿ?"

"ಗಿರಿಜಾ."

"ಗಿರಿಜಾ ಶೇಖರಪ್ಪ ಅಂತ ಬರ್ಕೊಳ್ಳ್ಯಾ?"

"ಬರೇ ಗಿರಿಜಾ ಸಾಕ್ರಿ."